ಲೇಬಲ್ಲಿಗೊಬ್ಬರು, ಲೆಕ್ಕಕ್ಕೊಬ್ಬರು: ತೋಟದ ವ್ಯಾಪಾರಕ್ಕೆ ಆನ್‌ಲೈನ್ ಕೆಲಸಗಾರರು

ಗಾಣದ ಕೊಬ್ಬರಿ ಎಣ್ಣೆ ಬಗ್ಗೆ ಬರೆದ ಮೇಲೆ ಬಂದ ಫೋನುಗಳಲ್ಲಿ ಅರ್ಧಕ್ಕರ್ಧ ಎಣ್ಣೆಯ ಬಗ್ಗೆ ಇರಲೇ ಇಲ್ಲ. "ಸಾರ್, ಆ ಲೇಬಲ್ ಎಲ್ಲಿ ಮಾಡಿಸಿದ್ರಿ?", "ವೆಬ್‌ಸೈಟ್ ಯಾರು ಮಾಡಿಕೊಟ್ರು?", "ಆರ್ಡರೆಲ್ಲ ನೀವೊಬ್ರೇ ಹೆಂಗೆ ನೋಡ್ಕೊಳ್ತೀರಿ?" ಇವೇ ಪ್ರಶ್ನೆಗಳು. ನಾನೊಬ್ಬನೇ ನೋಡಿಕೊಳ್ಳೋದಿಲ್ಲ. ಎರಡು ವರ್ಷದಿಂದ ಫ್ರೀಲ್ಯಾನ್ಸರ್‌ಗಳಿಗೆ, ಅಂದರೆ ಮನೆಯಲ್ಲೇ ಕೂತು ಇಂಟರ್ನೆಟ್ ಮೂಲಕ ಬಿಡಿ ಕೆಲಸ ಮಾಡಿಕೊಡುವವರಿಗೆ, ಒಂದೊಂದು ಕೆಲಸ ಹಂಚಿದ್ದೇನೆ. ಅದರಲ್ಲಿ ಒಳ್ಳೆಯದೂ ಆಗಿದೆ, ಕೈಯೂ ಸುಟ್ಟಿದೆ. ಎರಡನ್ನೂ ಹೇಳುತ್ತೇನೆ.

ನಮ್ಮದು ತಿಪಟೂರು ತಾಲ್ಲೂಕಿನಲ್ಲಿ ನಾಲ್ಕೂವರೆ ಎಕರೆ ತೆಂಗು. ಮಧ್ಯದಲ್ಲಿ ಬಾಳೆ, ಅರಿಶಿನ. ಬದುವಿನಲ್ಲಿ ಹಲಸು, ನುಗ್ಗೆ. ಬಾಗಲಕೋಟೆಯಲ್ಲಿ ತೋಟಗಾರಿಕೆ ಓದಿ, ಕೆಲವು ವರ್ಷ ಸಂಬಳಕ್ಕೆ ದುಡಿದು, ವಾಪಸ್ ಬಂದು ಸಾವಯವಕ್ಕೆ ಇಳಿದವನು ನಾನು. ಉಂಡೆ ಕೊಬ್ಬರಿ, ಗಾಣದ ಎಣ್ಣೆ, ಅರಿಶಿನ ಪುಡಿ ಇಷ್ಟನ್ನು ನೇರವಾಗಿ ಬೆಂಗಳೂರಿನ ಮನೆಗಳಿಗೆ ಕಳಿಸುತ್ತೇವೆ. ಮೊದಲ ಎರಡು ವರ್ಷ ಎಲ್ಲ ನಾನೇ. ಹಗಲು ತೋಟ, ರಾತ್ರಿ ಲ್ಯಾಪ್‌ಟಾಪ್. ವಾಟ್ಸಾಪ್‌ನಲ್ಲಿ ಬಂದ ಆರ್ಡರು ಬರೆದುಕೊಳ್ಳೋದು, ಯಾರು ದುಡ್ಡು ಹಾಕಿದ್ದಾರೆ, ಯಾರು ಹಾಕಿಲ್ಲ ಅಂತ ತಾಳೆ ನೋಡೋದು, ಕೊರಿಯರ್ ವಿಳಾಸ ಬರೆಯೋದು, ಫೋಟೋಗೆ ಅಕ್ಷರ ಕೂರಿಸೋದು. ಹಗಲಿನ ಕೆಲಸ ರಾತ್ರಿಗೆ ಬರಲಿಲ್ಲ, ರಾತ್ರಿಯ ಕೆಲಸ ಹಗಲಿಗೆ ಬಂತು. ಅಪ್ಪ ಒಂದು ದಿನ ಕೆಳಗಿನ ಮೂಲೆಯಿಂದ ಒಂದು ಗರಿ ಎಳೆದುಕೊಂಡು ಬಂದು ಅಂಗಳದಲ್ಲಿ ಹಾಕಿದರು. ಗರಿಯ ತಳಭಾಗವೆಲ್ಲ ಕೆರೆದು ತಿಂದು, ಜೇಡರ ಬಲೆ ಹಾಗೆ ನೂಲು, ಹಿಕ್ಕೆ. ಕಪ್ಪುತಲೆ ಹುಳು. "ಓದಿದೋನು ನೀನು, ಕಣ್ಣಿಗೆ ಬೀಳಲಿಲ್ವೇನೋ?" ಅಂದರು.

ಬಿದ್ದಿರಲಿಲ್ಲ. ಆ ಮೂಲೆಗೆ ಹೋಗಿ ಮೂರು ವಾರ ಆಗಿತ್ತು. ಆರಂಭದಲ್ಲೇ ನೋಡಿದ್ದರೆ ಕೆಳಗಿನ ಒಂದೆರಡು ಗರಿ ಕಡಿದು ಸುಟ್ಟು, ಗೋನಿಯೋಜಸ್ ಪರೋಪಜೀವಿ ಬಿಟ್ಟರೆ ಮುಗಿಯುತ್ತಿತ್ತು. ಅಷ್ಟು ಹೊತ್ತಿಗೆ ಅದು ಮೂವತ್ತು ಮರ ಹತ್ತಿತ್ತು. ಆವತ್ತು ಕೂತು ಲೆಕ್ಕ ಹಾಕಿದೆ. ನನ್ನ ಕಣ್ಣು ಬೇಕಾಗಿರೋದು ಗರಿಯ ಕೆಳಗೆ, ಎಕ್ಸೆಲ್ ಶೀಟಿನ ಮೇಲಲ್ಲ.

ಯಾವ ಕೆಲಸ ಕೊಡಬೇಕು, ಯಾವುದು ಕೊಡಬಾರದು

ಒಂದು ವಾರ, ದಿನಾ ಮಲಗುವ ಮುಂಚೆ, ತೋಟದ ಹೊರಗಿನ ಕೆಲಸಕ್ಕೆ ಎಷ್ಟು ಹೊತ್ತು ಹೋಯ್ತು ಅಂತ ಒಂದು ಹಳೇ ಪುಸ್ತಕದಲ್ಲಿ ಬರೆದಿಟ್ಟೆ. ನೀವೂ ಯಾರನ್ನೂ ಹುಡುಕುವ ಮುಂಚೆ ಇದೊಂದು ಮಾಡಿ. ನನಗೆ ಸಿಕ್ಕಿದ್ದು ವಾರಕ್ಕೆ ಹದಿನಾಲ್ಕು ಗಂಟೆ. ಅದರಲ್ಲಿ ಒಂಬತ್ತು ಗಂಟೆ ಬರೀ ಆರ್ಡರ್ ಮತ್ತು ಪಾವತಿ ತಾಳೆ ನೋಡೋದು. ನಾನು ಅಂದುಕೊಂಡಿದ್ದು ವೆಬ್‌ಸೈಟೇ ದೊಡ್ಡ ತಲೆನೋವು ಅಂತ. ಪುಸ್ತಕ ಬೇರೆಯೇ ಹೇಳಿತು.

ಪದೇ ಪದೇ ಒಂದೇ ರೀತಿ ಬರುವ ಕೆಲಸ, ಅಥವಾ ಒಮ್ಮೆ ಮಾಡಿದರೆ ವರ್ಷಗಟ್ಟಲೆ ನಡೆಯುವ ಕೆಲಸ, ಇವೆರಡನ್ನೂ ಕೊಡಬಹುದು. ಮೊದಲನೆಯದಕ್ಕೆ ಆರ್ಡರ್ ಶೀಟು, ಲೆಕ್ಕ. ಎರಡನೆಯದಕ್ಕೆ ಲೇಬಲ್, ಲೋಗೋ, ವಾಟ್ಸಾಪ್ ಬಿಸಿನೆಸ್ ಕ್ಯಾಟಲಾಗ್, ಸಣ್ಣ ವೆಬ್‌ಸೈಟ್. ಗಿರಾಕಿಗಳ ಫೋನು ಮಾತ್ರ ನಾನೇ ಎತ್ತುತ್ತೇನೆ. "ಈ ಸಲ ಎಣ್ಣೆ ಯಾಕೆ ಸ್ವಲ್ಪ ಘಾಟು?" ಅಂತ ಒಬ್ಬ ಅಜ್ಜಿ ಕೇಳಿದರೆ, ಕೊಬ್ಬರಿ ಅಟ್ಟದಲ್ಲಿ ಎಷ್ಟು ತಿಂಗಳಿತ್ತು ಅಂತ ಗೊತ್ತಿರೋದು ನನಗೇ ತಾನೆ. ಹಾಗೇ ಪಿಜಿಎಸ್ ಗುಂಪಿನ ತೋಟದ ದಿನಚರಿ. ಅದನ್ನು ಯಾರಿಗೋ ಕೊಟ್ಟು "ಚೆನ್ನಾಗಿ ಬರೆದುಕೊಡಿ" ಅನ್ನೋದು ಸುಳ್ಳು ದಾಖಲೆ ಮಾಡಿಸಿದ ಹಾಗೆ. ಗುಂಪಿನ ಬೇರೆ ರೈತರ ಪ್ರಮಾಣಪತ್ರಕ್ಕೂ ಕುತ್ತು.

ಎಲ್ಲಿ ಹುಡುಕೋದು

ದೊಡ್ಡ ಅಂತರರಾಷ್ಟ್ರೀಯ ತಾಣಗಳು ಅಂದರೆ ಅಪ್‌ವರ್ಕ್, ಫೈವರ್, ಫ್ರೀಲ್ಯಾನ್ಸರ್ ಡಾಟ್ ಕಾಮ್. 2010ರಲ್ಲಿ ಫೈವರ್ ಶುರುವಾದಾಗ ಎಲ್ಲ ಕೆಲಸಕ್ಕೂ ಐದು ಡಾಲರ್, ಹೆಸರು ಬಂದಿದ್ದೇ ಅದರಿಂದ. ಈಗ ಹಾಗಿಲ್ಲ. ಅಲ್ಲಿ ಕೆಲಸಗಾರರೇ ಅಂಗಡಿ ಇಟ್ಟಿರುತ್ತಾರೆ: ಇಷ್ಟಕ್ಕೆ ಇಷ್ಟು, ಇಷ್ಟು ಸಲ ತಿದ್ದಿಕೊಡ್ತೀನಿ, ಇಷ್ಟು ದಿನದಲ್ಲಿ. ಅಪ್‌ವರ್ಕ್‌ನಲ್ಲಿ ಉಲ್ಟಾ, ನೀವು ಕೆಲಸ ಹಾಕಬೇಕು, ಅವರು ಅರ್ಜಿ ಹಾಕುತ್ತಾರೆ. ಒಟ್ಟು ಮೊತ್ತಕ್ಕೆ ಒಪ್ಪಂದ ಮಾಡಿಕೊಳ್ಳಬಹುದು, ಗಂಟೆ ಲೆಕ್ಕದಲ್ಲೂ ಕೊಡಬಹುದು. ಗಂಟೆ ಲೆಕ್ಕವಾದರೆ ಕೆಲಸಗಾರರ ಕಂಪ್ಯೂಟರ್ ಪರದೆಯ ಚಿತ್ರ ಹತ್ತು ನಿಮಿಷಕ್ಕೊಂದರಂತೆ ದಾಖಲಾಗುತ್ತೆ. ಇನ್ನು ಕೆಲಸ ಹುಡುಕುವ ವಿದ್ಯಾರ್ಥಿಗಳು ಇಂಟರ್ನ್‌ಶಾಲಾದಂಥ ನಮ್ಮ ದೇಶದ ತಾಣಗಳಲ್ಲಿ ಸಿಗುತ್ತಾರೆ.

ಈ ತಾಣಗಳ ದೊಡ್ಡ ಅನುಕೂಲ ಒಂದೇ: ದುಡ್ಡು ಮಧ್ಯದಲ್ಲಿ ನಿಲ್ಲುತ್ತೆ. ಮಂಡಿಯಲ್ಲಿ ನಂಬಿಕಸ್ಥ ಮೂರನೆಯವರ ಕೈಯಲ್ಲಿ ಹಣ ಇಟ್ಟ ಹಾಗೆ. ನೀವು ಮೊದಲೇ ಕಟ್ಟುತ್ತೀರಿ, ಕೆಲಸ ಒಪ್ಪಿಗೆಯಾದ ಮೇಲೆ ಅವರಿಗೆ ಹೋಗುತ್ತೆ. ಆದರೆ ಇಲ್ಲಿ ರೈತರು ಮರೆಯಬಾರದ ಒಂದು ವಿಷಯ ಇದೆ. ಕೆಲಸ ಕಳಿಸಿದ ಮೇಲೆ ನೀವು ಏನೂ ಹೇಳದೆ ಸುಮ್ಮನಿದ್ದರೆ ಅದು ಒಪ್ಪಿಗೆ ಅಂತಲೇ ಲೆಕ್ಕ. ಫೈವರ್‌ನಲ್ಲಿ 3 ದಿನ, ಅಪ್‌ವರ್ಕ್‌ನ ಒಟ್ಟು ಮೊತ್ತದ ಕೆಲಸಕ್ಕೆ 14 ದಿನ. ಕಾಯಿ ಕೀಳುವ ವಾರ, ಮದುವೆ ಮನೆ ವಾರ ಕೆಲಸ ಕೊಡಬೇಡಿ. ಮೂರು ದಿನ ಹೋಗೋದು ಗೊತ್ತೇ ಆಗಲ್ಲ.

ತಾಣದಲ್ಲಿ ಪರಿಚಯವಾದವರು ಮೊದಲ ದಿನವೇ "ಹೊರಗೇ ದುಡ್ಡು ಹಾಕಿ, ಕಮಿಷನ್ ಉಳಿಯುತ್ತೆ" ಅಂದರೆ ಅಲ್ಲಿಗೆ ಮಾತು ಮುಗಿಸಿ. ನಿಯಮಕ್ಕೂ ವಿರುದ್ಧ, ಆಮೇಲೆ ಜಗಳವಾದರೆ ಕೇಳೋರೂ ಇರಲ್ಲ. ಹಾಗೇ ಯಾವ ಕೆಲಸಗಾರರಿಗೂ ನಿಮ್ಮ ಒಟಿಪಿ, ಆಧಾರ್ ಪ್ರತಿ, ಬ್ಯಾಂಕಿನ ಪಾಸ್‌ವರ್ಡ್ ಬೇಕಾಗಿರೋದಿಲ್ಲ.

ನಿಜ ಹೇಳಬೇಕಂದ್ರೆ ಈಗ ನನ್ನ ಹತ್ತಿರ ಇರುವ ಇಬ್ಬರಲ್ಲಿ ಒಬ್ಬರು ಸಿಕ್ಕಿದ್ದು ತಾಣದಿಂದಲ್ಲ. ಲೆಕ್ಕ ನೋಡುವವರು ಧಾರವಾಡ ಕಡೆಯವರು, ಬಿ.ಕಾಂ ಓದಿ, ಸಣ್ಣ ಮಗುವಿರುವ ಕಾರಣ ಹೊರಗೆ ಹೋಗದವರು. ನಮ್ಮ ಎಣ್ಣೆಯ ಗಿರಾಕಿಯೊಬ್ಬರ ತಂಗಿ. ಮಾತು ಕನ್ನಡದಲ್ಲೇ, ಅವರು "ರೀ ಅಣ್ಣಾರ" ಅಂತಾರೆ, ನಾನು "ಅಕ್ಕ" ಅಂತೀನಿ, ಇಬ್ಬರಲ್ಲಿ ಯಾರು ದೊಡ್ಡವರು ಅಂತ ಇವತ್ತಿಗೂ ತೀರ್ಮಾನ ಆಗಿಲ್ಲ.

ಮೂರು ಸಾವಿರ ಲೇಬಲ್ಲಿನ ಕಥೆ

ಈಗ ಕೈ ಸುಟ್ಟಿದ್ದು. ಎಣ್ಣೆ ಬಾಟಲಿಗೆ ಲೇಬಲ್ ಬೇಕಿತ್ತು. ಒಂದು ತಾಣದಲ್ಲಿ ಉತ್ತರ ಭಾರತದ ಒಬ್ಬ ಹುಡುಗ ಸಿಕ್ಕ. ಹಿಂದಿನ ಕೆಲಸಗಳು ಬಹಳ ಚೆನ್ನಾಗಿದ್ದವು, 3,500 ರೂಪಾಯಿಗೆ ಒಪ್ಪಿದ. ಕನ್ನಡದ ಸಾಲುಗಳನ್ನು ನಾನೇ ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಕಳಿಸಿದೆ. ಮೊದಲ ನಮೂನೆ ಬಂತು, ಸೊಗಸಾಗಿತ್ತು. ವಿಳಾಸದಲ್ಲಿ ಪಿನ್‌ಕೋಡ್ ಒಂದು ತಪ್ಪಿತ್ತು, ತಿದ್ದಲು ಹೇಳಿದೆ. ಸಂಜೆ ಡ್ರಿಪ್ ಪೈಪು ಸರಿ ಮಾಡ್ತಾ ಇರುವಾಗ ಕೊನೆಯ ಫೈಲು ಬಂತು. ಒದ್ದೆ ಕೈಯಲ್ಲೇ ಮೊಬೈಲಿನಲ್ಲಿ ಪಿನ್‌ಕೋಡ್ ನೋಡಿದೆ, ಸರಿಯಿತ್ತು. ಒಪ್ಪಿಗೆ ಒತ್ತಿದೆ. ದುಡ್ಡು ಹೋಯಿತು. ಫೈಲು ಮುದ್ರಣಕ್ಕೆ ಹೋಯಿತು, ಒಂದಕ್ಕೆ 1.80 ರೂಪಾಯಿಯಂತೆ ಮೂರು ಸಾವಿರ ಸ್ಟಿಕ್ಕರ್.

ಬಂಡಲ್ ಬಿಚ್ಚಿದಾಗ ಮೊದಲು ಓದಿದ್ದು ಅಪ್ಪ. "ಇದೇನೋ ಇದು, ಕೊಬ್ ಬರಿ ಎಣ್ ಣೆ ಅಂತ ಬರ್ಸಿದೀಯ?"

ನಿಜವಾಗಿಯೂ ಹಾಗೇ ಇತ್ತು. "ಕೊಬ್‌ಬರಿ ಎಣ್‌ಣೆ". ಒತ್ತಕ್ಷರಗಳೆಲ್ಲ ಒಡೆದುಹೋಗಿದ್ದವು. ಪಿನ್‌ಕೋಡ್ ತಿದ್ದಲು ಆ ಹುಡುಗ ಫೈಲನ್ನು ಬೇರೆ ಕಂಪ್ಯೂಟರಿನಲ್ಲಿ ತೆಗೆದಿದ್ದ. ವಿನ್ಯಾಸದ ಕೆಲವು ಸಾಫ್ಟ್‌ವೇರ್‌ಗಳಲ್ಲಿ ಭಾರತೀಯ ಲಿಪಿಗಳನ್ನು ಜೋಡಿಸುವ ವ್ಯವಸ್ಥೆಯನ್ನು ಸೆಟ್ಟಿಂಗ್‌ನಲ್ಲಿ ಆರಿಸಿಕೊಳ್ಳಬೇಕಾಗುತ್ತೆ. ಅದು ಇಲ್ಲದಿದ್ದರೆ ಒತ್ತು ಕೆಳಗೆ ಹೋಗದೆ ಪಕ್ಕದಲ್ಲಿ ಕೂರುತ್ತೆ. ಕನ್ನಡ ಬಾರದ ಅವನಿಗೆ ಎರಡೂ ಒಂದೇ ಥರ ಕಾಣುತ್ತವೆ. ಅವನನ್ನು ಬೈದು ಏನು ಪ್ರಯೋಜನ? ನಮ್ಮಪ್ಪನಿಗೆ ಕಂಡಿದ್ದು ನನಗೆ ಕಾಣಲಿಲ್ಲ, ಯಾಕಂದ್ರೆ ನಾನು ನೋಡಿದ್ದು ಪಿನ್‌ಕೋಡ್ ಮಾತ್ರ. ಒಂಬತ್ತು ಸಾವಿರದ ಹತ್ತಿರ ಹೋಯಿತು. ಅದಕ್ಕಿಂತ ಹೆಚ್ಚಾಗಿ, ಗೌರಿ ಹಬ್ಬದ ಆರ್ಡರುಗಳನ್ನು ಕೈಬರಹದ ಚೀಟಿ ಅಂಟಿಸಿ ಕಳಿಸಬೇಕಾಯ್ತು.

ಆವತ್ತಿನಿಂದ ನನ್ನ ಪದ್ಧತಿ ಹೀಗಿದೆ. ಎಷ್ಟೇ ಸಣ್ಣ ತಿದ್ದುಪಡಿಯಾದರೂ ಇಡೀ ಲೇಬಲನ್ನು ಮೊದಲಿನಿಂದ ಓದುತ್ತೇನೆ, ಮೊಬೈಲಿನಲ್ಲಲ್ಲ, ಕಾಗದದ ಮೇಲೆ ಅಸಲು ಅಳತೆಯಲ್ಲಿ ಪ್ರಿಂಟ್ ತೆಗೆದು. ಆಮೇಲೆ ಅಪ್ಪನ ಕೈಗೆ ಕೊಡುತ್ತೇನೆ. ವಿನ್ಯಾಸಗಾರರಿಗೆ ಕೊನೆಯ ಫೈಲಿನಲ್ಲಿ ಅಕ್ಷರಗಳನ್ನೆಲ್ಲ ಔಟ್‌ಲೈನ್ ಮಾಡಿ ಕೊಡಲು ಹೇಳಬೇಕು, ಅಂದರೆ ಅಕ್ಷರ ಚಿತ್ರವಾಗಿಬಿಡುತ್ತೆ, ಯಾವ ಕಂಪ್ಯೂಟರಿನಲ್ಲಿ ತೆಗೆದರೂ ಬದಲಾಗಲ್ಲ. ಜೊತೆಗೆ ಮುಂದೆ ತಿದ್ದಲು ಬರುವ ಮೂಲ ಫೈಲನ್ನೂ ತೆಗೆದುಕೊಳ್ಳಿ, ಬರೀ ಜೆಪೆಗ್ ಸಾಲದು. ನಮ್ಮ ಕಡೆ ಪ್ರಿಂಟಿಂಗ್ ಪ್ರೆಸ್‌ಗಳಲ್ಲಿ ಕೋರೆಲ್‌ಡ್ರಾ ಜೊತೆ ನುಡಿ ಅಥವಾ ಬರಹದ ಹಳೇ ಫಾಂಟುಗಳು ಇನ್ನೂ ಓಡುತ್ತಿವೆ, ಅವಕ್ಕೂ ಯೂನಿಕೋಡ್‌ಗೂ ಹೊಂದಾಣಿಕೆ ಆಗಲ್ಲ. ಪ್ರೆಸ್ಸಿನವರಿಗೆ ಯಾವ ಫೈಲು ಬೇಕು ಅಂತ ಮೊದಲೇ ಕೇಳಿ, ಅದನ್ನೇ ವಿನ್ಯಾಸಗಾರರಿಗೆ ಹೇಳಿ.

ಲೇಬಲ್ಲಿನಲ್ಲಿ ಏನಿರಬೇಕು ಅನ್ನೋದು ಕೂಡ ನೀವೇ ಬರೆದುಕೊಡಬೇಕು. ದೂರದಲ್ಲಿ ಕೂತು ಚಿತ್ರ ಬರೆಯುವವರಿಗೆ ಆಹಾರ ಕಾನೂನು ಗೊತ್ತಿರಬೇಕು ಅಂತ ನಿರೀಕ್ಷಿಸಬಾರದು. ಪದಾರ್ಥದ ಹೆಸರು, ಒಳಗೊಂಡ ವಸ್ತುಗಳು, ಪೋಷಕಾಂಶದ ವಿವರ, ಹಸಿರು ಸಸ್ಯಾಹಾರಿ ಗುರುತು, ತಯಾರಕರ ಹೆಸರು ವಿಳಾಸ, ನಿವ್ವಳ ಪ್ರಮಾಣ (ಎಣ್ಣೆಗೆ ಮಿಲಿಲೀಟರಿನ ಜೊತೆ ತೂಕವನ್ನೂ ಹಾಕಿ), ಬ್ಯಾಚ್ ಸಂಖ್ಯೆ, ತಯಾರಾದ ದಿನ, ಬಳಸಬಹುದಾದ ಕೊನೆಯ ದಿನ, ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ, ದೂರಿಗೆ ಫೋನ್ ನಂಬರ್, ಎಫ್‌ಎಸ್‌ಎಸ್‌ಎಐನ 14 ಅಂಕಿಯ ಸಂಖ್ಯೆ. ಕಡ್ಡಾಯ ವಿವರಗಳು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಇರಲೇಬೇಕು, ಕನ್ನಡ ಅದರ ಜೊತೆಗೆ. 'ಜೈವಿಕ ಭಾರತ' ಲೋಗೋವನ್ನು ಚೆಂದ ಕಾಣುತ್ತೆ ಅಂತ ವಿನ್ಯಾಸಗಾರರು ತಾವಾಗೇ ಹಾಕಿಬಿಡುತ್ತಾರೆ. ಪಿಜಿಎಸ್ ಅಥವಾ ಎನ್‌ಪಿಒಪಿ ಪ್ರಮಾಣಪತ್ರ ಇಲ್ಲದವರು ಅದನ್ನು ಬಳಸುವ ಹಾಗಿಲ್ಲ.

ಇದೇ ಕಾರಣಕ್ಕೆ ಬರವಣಿಗೆಯ ಕೆಲಸ ಕೊಡುವಾಗ ಇನ್ನೂ ಹುಷಾರು. ವೆಬ್‌ಸೈಟಿಗೆ ನಾಲ್ಕು ಪ್ಯಾರಾ ಬರೆದುಕೊಡಿ ಅಂದರೆ "ಮಧುಮೇಹ ಗುಣವಾಗುತ್ತದೆ, ಕೊಲೆಸ್ಟರಾಲ್ ಇಳಿಯುತ್ತದೆ" ಅಂತ ಬರೆದು ಕಳಿಸಿದರು ಒಬ್ಬರು. ಆಹಾರ ಪದಾರ್ಥ ರೋಗ ವಾಸಿ ಮಾಡುತ್ತೆ ಅಂತ ಹೇಳೋದೇ ನಿಷಿದ್ಧ. ಅಡುಗೆ ಎಣ್ಣೆಯ ಪ್ಯಾಕಿನ ಮೇಲಂತೂ 'ಕೊಲೆಸ್ಟರಾಲ್ ಸ್ನೇಹಿ'ಯಂಥ ಮಾತುಗಳನ್ನು ಹೆಸರಿಸಿಯೇ ನಿಷೇಧಿಸಿದ್ದಾರೆ. ಅದೇ ಬರಹದಲ್ಲಿ ನಮ್ಮ ತೋಟ "ಸಮುದ್ರದ ತಂಗಾಳಿಯಲ್ಲಿ" ಇತ್ತು. ತಿಪಟೂರಿಗೆ ಸಮುದ್ರ! ಚಾಟ್‌ಜಿಪಿಟಿಗೆ ಕೇಳಿ ಹಾಗೇ ಅಂಟಿಸಿದ್ದು ಅಂತ ಗೊತ್ತಾಯ್ತು. ದುಡ್ಡು ಕೊಟ್ಟೆ, ಬರಹ ಬಳಸಲಿಲ್ಲ, ರಾತ್ರಿ ನಾನೇ ಬರೆದೆ.

ಹೇಳುವ ರೀತಿ

"ಒಂದು ಚೆನ್ನಾಗಿರೋ ಲೋಗೋ ಮಾಡಿಕೊಡಿ" ಅಂದರೆ ತೆಂಗಿನ ಮರ, ಸೂರ್ಯ, ಎರಡು ಎಲೆ ಬರುತ್ತೆ. ಗ್ಯಾರಂಟಿ. ಕೂಲಿಯವರಿಗೆ "ತೋಟದಲ್ಲಿ ಏನಾದ್ರೂ ಮಾಡಿ" ಅಂತ ಹೇಳಿ ಹೋಗ್ತೀವಾ? ಯಾವ ಸಾಲು, ಎಷ್ಟು ಆಳ, ಎಷ್ಟು ಗೊಬ್ಬರ ಅಂತ ತೋರಿಸಿ ಹೋಗ್ತೀವಿ. ಇಲ್ಲೂ ಅಷ್ಟೇ. ನಾನು ಈಗ ಒಂದು ಪುಟ ಬರೆದು ಕೊಡುತ್ತೇನೆ: ನಾವು ಯಾರು, ಕೊಳ್ಳುವವರು ಯಾರು, ಬಾಟಲಿಯ ಅಳತೆ ಎಷ್ಟು ಮಿಲಿಮೀಟರ್, ಯಾವ ಬಣ್ಣ ಬೇಡ, ಎಷ್ಟು ಸಲ ತಿದ್ದಿಸುತ್ತೇನೆ, ಕೊನೆಗೆ ಯಾವ ಯಾವ ಫೈಲು ಬೇಕು, ಎಂದು ಬೇಕು. ಬರೆಯಲು ಬೇಜಾರಾದರೆ ವಾಯ್ಸ್ ಮೆಸೇಜ್ ಕಳಿಸಿ, ಆದರೆ ಅಳತೆ ಮತ್ತು ದುಡ್ಡು ಮಾತ್ರ ಬರಹದಲ್ಲಿರಲಿ.

ದೊಡ್ಡ ಕೆಲಸಕ್ಕೆ ಮುಂಚೆ ಸಣ್ಣ ಕೆಲಸ ಕೊಟ್ಟು ನೋಡಿ, ಅದಕ್ಕೂ ಹಣ ಕೊಟ್ಟು. ಧಾರವಾಡದ ಅಕ್ಕನಿಗೆ ಮೊದಲು ಕೊಟ್ಟಿದ್ದು ಹಿಂದಿನ ಒಂದು ವಾರದ ಆರ್ಡರು, 500 ರೂಪಾಯಿಗೆ. ಅದರಲ್ಲಿ ಬೇಕಂತಲೇ ಏನೂ ತಪ್ಪು ಬಿಟ್ಟಿರಲಿಲ್ಲ, ಆದರೂ ಅವರು ನಾನೇ ಗಮನಿಸದ ಎರಡು ಬಾಕಿ ಹುಡುಕಿದರು. ಈಗ ದಿನಕ್ಕೆ ಒಂದು ಗಂಟೆ, ವಾರಕ್ಕೆ ಆರು ದಿನ, ಗಂಟೆಗೆ 150ರಂತೆ ತಿಂಗಳಿಗೆ ಸುಮಾರು 3,900 ರೂಪಾಯಿ. ನನಗೆ ಒಂದೂವರೆ ಗಂಟೆ ಹಿಡಿಯುತ್ತಿದ್ದ ಕೆಲಸ ಅವರಿಗೆ ಒಂದೇ ಗಂಟೆ. ಗೂಗಲ್ ಶೀಟಿನಲ್ಲಿ ಅವರು ತುಂಬುತ್ತಾರೆ, ನಾನು ಬೆಳಿಗ್ಗೆ ಕಾಫಿ ಕುಡಿಯುತ್ತಾ ನೋಡಿ ಪ್ಯಾಕಿಂಗ್‌ಗೆ ಹೇಳುತ್ತೇನೆ. ಬ್ಯಾಂಕ್ ಖಾತೆ ಅವರ ಕೈಯಲ್ಲಿಲ್ಲ. ಜಮಾ ಆದ ವಿವರದ ಪಟ್ಟಿ ಮಾತ್ರ ನಾನು ಕಳಿಸುತ್ತೇನೆ.

ದುಡ್ಡಿನ ಮಾತು ಬಂದಿದ್ದಕ್ಕೆ ಇನ್ನೊಂದು. ಕೊಬ್ಬರಿ ಹರಾಜಿನ ದಿನ ಬೆಲೆ ಇಳಿಸಿದರೆ ನಮ್ಮ ಹೊಟ್ಟೆ ಎಷ್ಟು ಉರಿಯುತ್ತೆ! ಅದೇ ನಾವು, ಎರಡು ದಿನ ಕೂತು ಮಾಡಿದ ಲೋಗೋಗೆ "ಐನೂರಕ್ಕೆ ಕೊಡ್ತೀರಾ" ಅಂತೀವಿ. ಅರ್ಧ ಮುಂಗಡ, ಕೆಲಸ ಮುಗಿದ ದಿನವೇ ಉಳಿದದ್ದು, ಹೀಗೆ ಕೊಟ್ಟವರ ಕೆಲಸ ಸಾಲಿನಲ್ಲಿ ಮುಂದೆ ಬರುತ್ತೆ. ದೀಪಾವಳಿ ವಾರ ನನ್ನ ಪೋಸ್ಟರ್ ಮೊದಲು ಬಂದಿದ್ದು ಇದೇ ಕಾರಣಕ್ಕೆ.

ಹಕ್ಕು ಮತ್ತು ಬೀಗದ ಕೈ

ದುಡ್ಡು ಕೊಟ್ಟ ಮಾತ್ರಕ್ಕೆ ಲೋಗೋ ನಿಮ್ಮದಾಗಲ್ಲ. ಇದು ತುಂಬಾ ಜನಕ್ಕೆ ಗೊತ್ತಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಮೊದಲ ಹಕ್ಕು ರಚಿಸಿದವರದು. ಹಣ ಕೊಟ್ಟು ತೆಗೆಸಿದ ಫೋಟೋಗೆ ವಿನಾಯಿತಿ ಇದೆ, ಅದು ತೆಗೆಸಿದವರದು; ಲೋಗೋ ಹಾಗಲ್ಲ. ಹಕ್ಕು ನಿಮಗೆ ಬರಬೇಕಾದರೆ ರಚಿಸಿದವರು ಬರೆದು ಸಹಿ ಮಾಡಿ ಕೊಡಬೇಕು. ಅದರಲ್ಲೂ ಅವಧಿ ಬರೆಯದಿದ್ದರೆ ಐದೇ ವರ್ಷ ಅಂತ ಕಾನೂನು ಲೆಕ್ಕ ಹಾಕುತ್ತೆ, ಯಾವ ಪ್ರದೇಶ ಅಂತ ಬರೆಯದಿದ್ದರೆ ಭಾರತದೊಳಗೆ ಮಾತ್ರ. ದೊಡ್ಡ ತಾಣಗಳ ನಿಯಮದಲ್ಲಿ ಹಣ ಸಂದಾಯವಾದ ಮೇಲೆ ಹಕ್ಕು ಕೊಂಡವರಿಗೆ ಅನ್ನೋದು ಸಾಮಾನ್ಯವಾಗಿ ಇರುತ್ತೆ, ಓದಿ ಖಾತ್ರಿ ಮಾಡಿಕೊಳ್ಳಿ. ನೇರವಾಗಿ ಕೊಟ್ಟ ಕೆಲಸಕ್ಕೆ ನಾನು ಒಂದು ಕಾಗದ ಮಾಡಿಕೊಂಡಿದ್ದೇನೆ: "ಈ ಲೋಗೋ ಮತ್ತು ಲೇಬಲ್ ವಿನ್ಯಾಸದ ಸಂಪೂರ್ಣ ಕೃತಿಸ್ವಾಮ್ಯವನ್ನು, ಅದರ ಪೂರ್ಣ ಅವಧಿಗೆ, ಪ್ರಪಂಚದಾದ್ಯಂತ, ಇಷ್ಟು ಹಣ ಪಡೆದು ಇಂಥವರಿಗೆ ವರ್ಗಾಯಿಸಿದ್ದೇನೆ." ಕೆಳಗೆ ಹೆಸರು, ತಾರೀಖು, ಸಹಿ.

ಚಿಕ್ಕನಾಯಕನಹಳ್ಳಿ ಕಡೆಯ ಗೆಳೆಯನದು ಬೇರೆ ಥರದ ಪೆಟ್ಟು. ಹಲಸಿನ ಹಪ್ಪಳ, ಚಿಪ್ಸ್ ಮಾರುತ್ತಿದ್ದ. ವೆಬ್‌ಸೈಟ್ ಮಾಡಿಕೊಟ್ಟವರು ಡೊಮೇನ್ ಅನ್ನು, ಅಂದರೆ ಆ ಡಾಟ್ ಇನ್ ವಿಳಾಸವನ್ನು, ತಮ್ಮ ಹೆಸರಲ್ಲೇ, ತಮ್ಮ ಇಮೇಲ್‌ನಲ್ಲೇ ಕೊಂಡಿದ್ದರು. ಒಂದು ವರ್ಷ ಆದ ಮೇಲೆ ಅವರು ಫೋನ್ ಎತ್ತಲಿಲ್ಲ, ನವೀಕರಣ ಆಗಲಿಲ್ಲ, ವಿಳಾಸ ಬೇರೆಯವರ ಪಾಲಾಯಿತು. ಎರಡು ವರ್ಷದ ಎಲ್ಲ ಪ್ಯಾಕೆಟ್ಟಿನ ಮೇಲೂ ಆ ವಿಳಾಸವೇ ಅಚ್ಚಾಗಿದೆ. ಜಮೀನಿನ ಪಹಣಿ ಬೇರೆಯವರ ಹೆಸರಲ್ಲಿ ಮಾಡಿಸ್ತೀವಾ? ಡೊಮೇನ್ ನಿಮ್ಮ ಇಮೇಲ್‌ನಿಂದ, ನಿಮ್ಮ ಕಾರ್ಡ್‌ನಿಂದ ನೀವೇ ಕೊಳ್ಳಿ. ಅದು ಹತ್ತು ನಿಮಿಷದ ಕೆಲಸ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಪುಟಕ್ಕೆ ಪಾಸ್‌ವರ್ಡ್ ಕೊಡಬೇಕಿಲ್ಲ, ಮೆಟಾ ಬಿಸಿನೆಸ್ ಸೂಟ್‌ನಲ್ಲಿ ಅವರ ಹೆಸರು ಸೇರಿಸಿ ಬೇಕಾದಷ್ಟೇ ಅಧಿಕಾರ ಕೊಡಬಹುದು, ಕೆಲಸ ಮುಗಿದ ದಿನ ತೆಗೆಯಬಹುದು. ಗೂಗಲ್ ಮ್ಯಾಪಿನ ವ್ಯಾಪಾರದ ಪುಟಕ್ಕೂ ಹಾಗೇ. ಜಾಹೀರಾತಿನ ದುಡ್ಡನ್ನು ಅವರ ಕೈಗೆ ಕೊಡದೆ ನಿಮ್ಮ ಖಾತೆಯಿಂದಲೇ ಕಟ್ಟಿ. ಹತ್ತು ಸಾವಿರ ಫಾಲೋವರ್ಸ್ ಕೊಡಿಸ್ತೀನಿ ಅನ್ನೋರ ಬಗ್ಗೆ ನಾನು ಹೇಳಬೇಕಾಗಿಲ್ಲ ಅಂದುಕೊಂಡಿದ್ದೇನೆ.

ಫೋಟೋ ಮಾತ್ರ ನೀವೇ ತೆಗೀರಿ. ಬೆಳಿಗ್ಗೆ ಎಂಟರೊಳಗೆ, ಹೆಂಚಿನ ಮನೆಯ ಜಗಲಿಯ ನೆರಳಿನಲ್ಲಿ, ಸಾಧಾರಣ ಮೊಬೈಲೇ ಸಾಕು. ಅದನ್ನು ಚೊಕ್ಕ ಮಾಡಿಕೊಡುವ ಕೆಲಸ ಹೊರಗೆ ಕೊಡಬಹುದು. ಇಂಟರ್ನೆಟ್ಟಿನಿಂದ ತೆಗೆದ ಹಿನ್ನೀರು, ದೋಣಿ, ತೆಂಗಿನ ಸಾಲು ಹಾಕಿದರೆ, ನಮ್ಮ ತೋಟಕ್ಕೆ ಬಂದ ಗಿರಾಕಿ ದೋಣಿ ಎಲ್ಲಿ ಅಂತ ಕೇಳುತ್ತಾರೆ.

ನನ್ನ ಒಟ್ಟು ಖರ್ಚು ಈಗ ತಿಂಗಳಿಗೆ ಐದು ಸಾವಿರದ ಆಸುಪಾಸು, ವಿನ್ಯಾಸದ ಬಿಡಿ ಕೆಲಸಗಳೂ ಸೇರಿ. ತಿಂಗಳಿಗೆ ನಲವತ್ತು ಆರ್ಡರಿಗಿಂತ ಕಡಿಮೆ ಇರುವವರು ಲೆಕ್ಕಕ್ಕೆ ಜನ ಇಡಬೇಡಿ, ಲಾಭವೆಲ್ಲ ಅಲ್ಲಿಗೇ ಹೋಗುತ್ತೆ. ಲೇಬಲ್ ಒಂದನ್ನು ಮಾಡಿಸಿ, ವಾಟ್ಸಾಪ್ ಬಿಸಿನೆಸ್ ನೀವೇ ಹಾಕಿಕೊಳ್ಳಿ, ಅದು ಪುಕ್ಕಟೆ. ಆ ಒಡೆದ ಒತ್ತಿನ ಲೇಬಲ್ಲುಗಳಲ್ಲಿ ಎರಡು ಸಾವಿರದಷ್ಟು ಇನ್ನೂ ಅಟ್ಟದ ಮೇಲಿವೆ. ಅಮ್ಮ ಅವನ್ನು ಉಪ್ಪಿನಕಾಯಿ ಭರಣಿಗಳಿಗೆ ಹಿಂದುಮುಂದಾಗಿ ಅಂಟಿಸಿ, ಬೆನ್ನಿನ ಬಿಳಿ ಜಾಗದಲ್ಲಿ ಪೆನ್ನಿನಿಂದ ತಾರೀಖು ಬರೆಯುತ್ತಿದ್ದಾರೆ. ಕೆಳಗಿನ ಮೂಲೆಯ ತೆಂಗು ಈ ಸಲ ಹೊಸ ಗರಿ ಬಿಟ್ಟಿದೆ, ಮೊನ್ನೆ ಭಾನುವಾರ ಒಂದೊಂದೇ ಗರಿ ಬಗ್ಗಿಸಿ ನೋಡಿದೆ, ಎರಡು ಮರದಲ್ಲಿ ಮಾತ್ರ ಹುಳು ಸಿಕ್ಕಿತು.